ಇಲ್ಲದ ಹೆಂಡತಿಯ ಮೇಲೊಂದು ದೂರು

ನಾನು ಮೈಕು ಇಟ್ಟು ವೇದಿಕೆ ಇಳಿದಾಗ ಚಪ್ಪಾಳೆಯೂ ಇರಲಿಲ್ಲ, ನಗುವೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕೋಡ್ಲಾದ ಅಜ್ಜಿಯೊಬ್ಬರು ಎದ್ದು ಬಂದು, ತಮ್ಮ ಬುತ್ತಿಯ ಗಂಟನ್ನು ನನ್ನ ಕೈಗೆ ತುರುಕಿದರು.

"ಮದ್ಲ ಉಣ್ಣು ತಮ್ಮಾ. ಮಾತಾಡೋದು ಆಮ್ಯಾಲ."

ಅದು ಸೇಡಂನಲ್ಲಿ ನಡೆದ ಮಹಿಳಾ ಸಂಘಗಳ ಸಮಾವೇಶ. ಎರಡು ವರ್ಷದಿಂದ ಟೀವಿಯ ಹಾಸ್ಯ ಕಾರ್ಯಕ್ರಮಕ್ಕೆ ಜೋಕು ಬರೆಯುತ್ತಿದ್ದ ನನಗೆ, ಜನರೆದುರು ನಿಂತು ನಗಿಸುವ ಮೊದಲ ಅವಕಾಶ. ಟೀವಿಯಲ್ಲಿ ಎಂದೂ ಕೈಕೊಡದ ಸರಕನ್ನೇ ತಂದಿದ್ದೆ: ಮೂರು ದಿನದಿಂದ ಒಲೆ ಹಚ್ಚದ ನನ್ನ ಹೆಂಡತಿ, ಅವಳೆದುರು ಪಿಟ್ಟೆನ್ನದ ನಾನು. ಮೊದಲ ಜೋಕಿಗೇ "ಅಯ್ಯ ಪಾಪ" ಎಂಬ ಮರುಕ ಕೇಳಿತು. ನಗಿಸಲೇಬೇಕೆಂದು ಹಟಕ್ಕೆ ಬಿದ್ದು ಉಪವಾಸವನ್ನು ಎಂಟು ದಿನಕ್ಕೆ ಏರಿಸಿದೆ. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗಂಟಿನಲ್ಲಿ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎಲ್ಲ ಮುಗಿಯುವವರೆಗೆ ಅಜ್ಜಿ ನನ್ನನ್ನು ಏಳಗೊಡಲಿಲ್ಲ. ಆಮೇಲೆ, "ಆಕಿಗಿ ಫೋನ್ ಹಚ್ಚು, ನಾ ಮಾತಾಡ್ತೀನಿ" ಎಂದರು.

ನನಗಿನ್ನೂ ಮದುವೆಯೇ ಆಗಿಲ್ಲ. ಉಂಡ ಬಾಯಲ್ಲಿ ಅದನ್ನು ಹೇಳಲು ಧೈರ್ಯ ಸಾಲದೆ, ಆಕೆ ಫೋನ್ ಎತ್ತುತ್ತಿಲ್ಲ ಎಂದುಬಿಟ್ಟೆ.

"ಫೋನೂ ಎತ್ತಂಗಿಲ್ಲೇನು?" ಅಜ್ಜಿಗೆ ನನ್ನ ಕತೆಗೆಲ್ಲ ಸಾಕ್ಷಿ ಸಿಕ್ಕಿತ್ತು.

ಟೀವಿಯಲ್ಲಿ ನನ್ನ ಜೋಕುಗಳಿಗೆ ನಗುವನ್ನು ಆಮೇಲೆ ಸೇರಿಸುತ್ತಾರೆ. ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ. ಆ ಹೆಂಡತಿಯ ಬಗ್ಗೆ ಬರೆಯುವುದನ್ನು ಈಗ ಬಿಟ್ಟಿದ್ದೇನೆ. ಅಂದು ನಿಜವಾಗಿ ಉಪವಾಸ ಬಿದ್ದವರು ಆ ಅಜ್ಜಿಯೊಬ್ಬರೇ.