ಹಾರದವರನ್ನು ಇಳಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಬ್ಬಿಣದ ಗೋಪುರದ ಮೆಟ್ಟಿಲುಗಳ ಮೇಲೆ ಕೂತ ಇಬ್ಬನಿಯನ್ನು ಹಳೆ ಟವೆಲ್ಲಿನಿಂದ ಒರೆಸುತ್ತಾ ಒಬ್ಬ ಹೆಂಗಸು ಮೇಲೇರುತ್ತಿದ್ದಾರೆ. ನಡುನಡುವೆ ಮಂಡಿ ಹಿಡಿದು ನಿಲ್ಲುತ್ತಾರೆ, ಮಂಡಿಯನ್ನೇ ಬೈಯುತ್ತಾರೆ, ಮತ್ತೆ ಒರೆಸುತ್ತಾರೆ. ಕಾಲಿಗೆ ಹಗ್ಗ ಕಟ್ಟಿಕೊಂಡು ಧುಮುಕುವ ಬಂಜಿ ಜಂಪಿಂಗ್ ಗೋಪುರವಿದು. ಬೀಳುವ ಆ ಗಳಿಗೆಯಲ್ಲಿ ಮೈಗೆ ಭಾರವೇ ಇರುವುದಿಲ್ಲವೆಂದು ಹಾರಿಬಂದವರು ಕಣ್ಣರಳಿಸಿ ಹೇಳುತ್ತಾರೆ. ಅವರ ಗೊಡವೆ ಈ ಅಕ್ಕನಿಗಿಲ್ಲ. ಮೇಲೆ ಹೋಗಿ, ಕೆಳಗೆ ನೋಡಿ, ಜೀವ ಬಾಯಿಗೆ ಬಂದು ಹಾರಲಾರೆ ಎಂದವರನ್ನು ಮೆಟ್ಟಿಲಿನಲ್ಲಿ ಇಳಿಸಿಕೊಂಡು ಬರುವುದು ಇವರ ಕೆಲಸ.

ಲಿಫ್ಟ್ ಇಲ್ಲವೇ ಎಂದು ಕೇಳುತ್ತೇನೆ. ಇದೆ, ಆದರೆ ಸುತ್ತಲೂ ಬರೀ ಜಾಲರಿ. ಹತ್ತುವಾಗ ಹಲ್ಲು ಕಿರಿದು ಸೆಲ್ಫಿ ತೆಗೆದುಕೊಂಡವರೇ ಒಮ್ಮೆ ಹೆದರಿದರೆ ಅದರೊಳಗೆ ಕಾಲಿಡಲು ಒಲ್ಲೆ ಎನ್ನುತ್ತಾರಂತೆ. "ದಿನಕ್ಕೆ ಐದಾರು ಜನ ಇದ್ದೇ ಇರ್ತಾರೆ. ರಜಾ ದಿನ ಅಂತೂ ಕೇಳಲೇಬೇಡಿ," ಎನ್ನುತ್ತಾರೆ ಅಕ್ಕ. "ಹಾರೋರಿಗೆ ಮೈ ಹಗುರ ಆಗುತ್ತಂತೆ. ನನ್ನ ಪಾಲಿಗೆ ಬರೋರ ಕಾಲು ಮಾತ್ರ ಗುಂಡುಕಲ್ಲು."

ಅಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಗಂಡನ ಕಾರ್ಖಾನೆ ಮುಚ್ಚಿತ್ತು, ಮಗ ಇನ್ನೂ ಕೈಗೂಸು. ಆಗೆಲ್ಲ ಮೇಲೆ ಹಿಂಜರಿದು ನಿಂತವರನ್ನು ಕೆಳಗಿನವರು ಕೂಗಿ ಹುರಿದುಂಬಿಸುತ್ತಿದ್ದರು. ಅದು ಗೇಲಿಗೆ ತಿರುಗಲು ಬಹಳ ಹೊತ್ತು ಬೇಕಿರಲಿಲ್ಲ. ಒಂದು ದಿನ ಒಬ್ಬ ಹುಡುಗಿ ಮೇಲೆ ಕಂಬ ತಬ್ಬಿಕೊಂಡು ಕೂತುಬಿಟ್ಟಳು. ಸಮಾಧಾನ ಮಾಡಿದಷ್ಟೂ ಅಳು ಹೆಚ್ಚಾಯಿತು. ಅಕ್ಕನಿಗೆ ಏನು ತೋಚಿತೋ, ನನಗೆ ಮಂಡಿನೋವು, ಇಳಿಯಲು ಸ್ವಲ್ಪ ಕೈ ಕೊಡಮ್ಮ ಎಂದುಬಿಟ್ಟರು. ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. ದಾರಿಯುದ್ದಕ್ಕೂ ಹುಷಾರು, ಹುಷಾರು ಎಂದದ್ದು ಅವಳೇ. ಅಂದಿನಿಂದ ಹೆದರಿದವರನ್ನು ಹೀಗೆ ಮಂಡಿನೋವೆಂದು ಕೈ ಕೇಳಿ ಇಳಿಸುವುದೇ ಅಕ್ಕನ ಕೆಲಸವಾಯಿತು. ಆ ಹುಡುಗಿ ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ, ಹಾರುವುದಕ್ಕಲ್ಲ, ತನ್ನ ಮಗುವನ್ನು ಅಕ್ಕನಿಗೆ ತೋರಿಸುವುದಕ್ಕೆ.

"ಮೊದಲು ಅದು ನಾಟಕ. ಈಗ ನೋಡಿ, ನಿಜವಾಗ್ಲೂ ಮಂಡಿ ಸವೆದುಹೋಗಿದೆ. ಸುಳ್ಳು ಹೇಳಿದ್ದಕ್ಕೆ ಶಿಕ್ಷೆ," ಎಂದು ಅಕ್ಕ ನಗುತ್ತಾರೆ. ಮೆಟ್ಟಿಲ ಸಹವಾಸ ಬೇಡ ಎಂದಿದ್ದಾರೆ ವೈದ್ಯರು. ಗಂಡ ದಿನಾ ಬೈಯುತ್ತಲೇ ಮಂಡಿಗೆ ಎಣ್ಣೆ ತಿಕ್ಕುತ್ತಾರೆ. ಬಿಟ್ಟುಬಿಡಬಾರದೇ ಎಂದರೆ ಅಕ್ಕನ ಮುಖ ಸಣ್ಣಗಾಗುತ್ತದೆ. ಈ ಕೆಲಸ ಮನೆ ನಡೆಸಿತು, ಕಂಡವರೆಲ್ಲ ಪ್ರೀತಿಯಿಂದ ಮಾತಾಡಿಸುವ ಹಾಗೆ ಮಾಡಿತು, ನನ್ನ ಪುಣ್ಯ ದೊಡ್ಡದು ಎನ್ನುತ್ತಾರೆ.

ನಾನು ಹೋದ ದಿನ ಬೆಳಗ್ಗೆಯೇ ಒಬ್ಬರು ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಐವತ್ತು ದಾಟಿದ ಬಸ್ ಚಾಲಕ. ಮಗಳು ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಟ್ಟ ಉಡುಗೊರೆ ಇದು. ಅವಳು ಆಗಲೇ ಹಾರಿ, ಕೆಳಗೆ ಫೋನ್ ಹಿಡಿದು ಕಾಯುತ್ತಿದ್ದಾಳೆ. ಇವರಿಗೆ ಹಾರಲು ಧೈರ್ಯವಿಲ್ಲ, ಇಳಿಯಲು ಮನಸ್ಸಿಲ್ಲ.

"ನಮ್ಮಪ್ಪಂಗೆ ಯಾವುದಕ್ಕೂ ಭಯ ಇಲ್ಲ ಅಂತ ಚಿಕ್ಕಂದಿನಿಂದ ಹೇಳ್ಕೊಂಡು ತಿರುಗ್ತಾಳೆ. ಈಗ ಯಾವ ಮುಖ ಇಟ್ಕೊಂಡು ಇಳೀಲಿ?" ಎಂದು ಅವರು ಅಕ್ಕನನ್ನೇ ಕೇಳುತ್ತಾರೆ.

ಅಕ್ಕ ಉಪದೇಶ ಮಾಡುವುದಿಲ್ಲ. ಪಕ್ಕದಲ್ಲಿ ಕೂತು, ನಿಮ್ಮ ಬಸ್ಸು ಯಾವ ಕಡೆ ಹೋಗುತ್ತೆ, ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ. ಆಮೇಲೆ ಕೈ ಚಾಚುತ್ತಾರೆ. ಇಬ್ಬರೂ ಇಳಿಯತೊಡಗುತ್ತಾರೆ. ಅರ್ಧ ದಾರಿಯಲ್ಲಿ ಅಕ್ಕನ ಮಂಡಿ ಸೋತುಬಿಡುತ್ತದೆ. ಹಿಂದೆ ಬರುತ್ತಿರುವ ನಾನು ಎರಡೂ ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ. ಚಾಲಕರು ಮಾತ್ರ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಅಕ್ಕನನ್ನು ಬಳಸಿ, ಕೆಳಗೆ ನೋಡಿಕೊಂಡೇ ಒಂದೊಂದಾಗಿ ಮೆಟ್ಟಿಲಿಳಿಸುತ್ತಾರೆ. ಅವರ ಅಂಗಿ ಬೆವರಿನಲ್ಲಿ ತೊಯ್ದುಹೋಗಿದೆ.

ಕೆಳಗೆ ಮಗಳು ಓಡಿ ಬರುತ್ತಾಳೆ. ಅಪ್ಪ ತಲೆ ತಗ್ಗಿಸುತ್ತಾರೆ. ಅವರ ತೋಳನ್ನು ಇನ್ನೂ ಬಿಡದ ಅಕ್ಕನೇ ಬಾಯಿ ತೆರೆಯುತ್ತಾರೆ.

"ನಿಮ್ಮಪ್ಪ ಹಾರಲಿಲ್ಲ ಕಣಮ್ಮ, ಹೆದರಿದ್ರು. ಹೆದರ್ಕೊಂಡೇ ಅಷ್ಟು ಎತ್ತರದಿಂದ ನನ್ನನ್ನ ಕರ್ಕೊಂಡು ಬಂದ್ರು. ಇಷ್ಟು ವರ್ಷ ನಾನು ಎಲ್ಲರನ್ನೂ ಇಳಿಸಿದೀನಿ, ನನ್ನನ್ನ ಇಳಿಸಿದೋರು ಇವರೊಬ್ಬರೇ."