ಮಣ್ಣಿಗೂ ಮೋರಿಕಟ್ಟೆಗೂ ಒಂದೇ ಬಣ್ಣ

೧೯೯೮ರಲ್ಲಿ ನಾನು ಚಳ್ಳಕೆರೆಯಲ್ಲಿ ಸ್ಕೇಲ್ ಮಾಡೆಲ್‌ಗಳನ್ನು ಮಾಡಿಕೊಡುತ್ತಿದ್ದೆ. ಅದಕ್ಕೆ ಮೊದಲು ಒಂದು ದಿನಪತ್ರಿಕೆಯ ಕಲಾ ವಿಭಾಗದಲ್ಲಿ ಏರ್‌ಬ್ರಷ್ ಹಿಡಿದು ಫೋಟೊ ತಿದ್ದುವ ಕೆಲಸ. ಕಲೆ ತೆಗೆಯಬಹುದು, ಅಂಚು ಬಿಡಿಸಬಹುದು, ಇಲ್ಲದ್ದನ್ನು ಸೇರಿಸುವಂತಿಲ್ಲ. ಅಲ್ಲಿನ ನಿಯಮ ಅಷ್ಟೇ. ಕಂಪ್ಯೂಟರ್ ಬಂದ ಮೇಲೆ ನನ್ನ ಮೇಜು ಹೋಯಿತು, ಏರ್‌ಬ್ರಷ್ ನನ್ನ ಜೊತೆ ಊರಿಗೆ ಬಂತು.

ಅದು ಪೆನ್ನಿನಷ್ಟು ಉದ್ದದ ಲೋಹದ ಉಪಕರಣ. ಮೇಲೊಂದು ಪುಟ್ಟ ಬಟ್ಟಲು, ಒಳಗೊಂದು ಸೂಜಿ. ಬಟ್ಟಲಿನ ಬಣ್ಣವನ್ನು ಒತ್ತಡದ ಗಾಳಿ ಮಂಜಿನಂತೆ ಎರಚುತ್ತದೆ. ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲಿ ಹಾಲಿನ ಹದಕ್ಕೆ ಕಲಸಿ, ತೆಳುವಾಗಿ ಪದರದ ಮೇಲೆ ಪದರ ಊದಬೇಕು. ನಮ್ಮ ಸೀಮೆಯ ಒಣಗಾಳಿಯಲ್ಲಿ ಅದು ಸೂಜಿಯ ತುದಿಯಲ್ಲೇ ಒಣಗಿ ಹೆಪ್ಪುಗಟ್ಟುತ್ತಿತ್ತು. ಮೆಡಿಕಲ್ ಶಾಪಿನ ಗ್ಲಿಸರಿನ್ ಎರಡು ಹನಿ ಹಾಕಿ ನಿಭಾಯಿಸುತ್ತಿದ್ದೆ. ಕರೆಂಟು ಹೋದರೆ ಕಂಪ್ರೆಸರ್ ನಿಲ್ಲುತ್ತಿತ್ತು. ಆಗ ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ ತಂದು ಅದರಿಂದಲೇ ಊದುತ್ತಿದ್ದೆ.

"ಚಕ್ರ ಇಲ್ದೆ ಬರೀ ಟ್ಯೂಬ್ ತರೋ ಗಿರಾಕಿ ನೀವೊಬ್ರೇ ಸಾರ್," ಎನ್ನುತ್ತಿದ್ದ ಪಂಕ್ಚರ್ ಅಂಗಡಿಯ ಬಾಷಾ. "ಈಜಾಕೆ ಅಂದ್ರೆ, ಕೆರೇಲಿ ನೀರೇ ಇಲ್ವಲ್ಲ!"

ಆ ಬೇಸಿಗೆಯಲ್ಲಿ ವಕೀಲ ರಾಜಶೇಖರಪ್ಪ ಒಬ್ಬ ವಯಸ್ಸಾದ ಹೆಂಗಸನ್ನು ಕರೆತಂದರು. ಹೆಸರು ಬೋರಮ್ಮ. ಮೊಳಕಾಲ್ಮುರಿನಿಂದ ಜಟಿಂಗ ರಾಮೇಶ್ವರದ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಅವರ ಹಳ್ಳಿ. ಮಗ ಓಬಳೇಶನಿಗೆ ಒಂದು ಟೆಂಪೊ ಇತ್ತು. ಹಿಂದಿನ ವರ್ಷ ಒಂದು ಮುಚ್ಚಂಜೆ, ಊರು ಇನ್ನೇನು ಬಂತು ಎನ್ನುವ ತಿರುವಿನಲ್ಲಿ ಟೆಂಪೊ ಮೋರಿಯ ಪಕ್ಕದ ಗಿಡ್ಡ ಕಟ್ಟೆಗೆ ಬಡಿದು ಉರುಳಿತ್ತು. ಪಕ್ಕದಲ್ಲಿ ಕೂತಿದ್ದ ಮಾರಣ್ಣ ಸತ್ತ. ಅವನು ಓಬಳೇಶನ ತಂಗಿ ಪಾಲಮ್ಮನ ಗಂಡ.

ನಿರ್ಲಕ್ಷ್ಯದ ಚಾಲನೆ ಎಂದು ಕೇಸಾಗಿತ್ತು. ಕಟ್ಟೆಗೆ ಸುಣ್ಣ ಬಳಿದಿದೆ, ದೂರದಿಂದಲೇ ಬೆಳ್ಳಗೆ ಕಾಣುತ್ತದೆ ಎಂದು ಮಹಜರಿನಲ್ಲಿತ್ತು. ಓಬಳೇಶ ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ: ಕಟ್ಟೆ ಕಾಣಲಿಲ್ಲ. ಯಾರೂ ನಂಬಲಿಲ್ಲ, ತಂಗಿಯೂ ನಂಬಲಿಲ್ಲ.

"ಜೈಲು ಆದ್ರೆ ಆಗ್ಲಿ ಸಾರ್," ಎಂದರು ಬೋರಮ್ಮ. "ಕುಡ್ಕೊಂಡು ಓಡಿಸಿ ನನ್ ಗಂಡನ್ನ ತಿಂದ ಅಂತಾಳೆ ಮಗಳು. ಅಣ್ಣನ ಮನೆ ನೀರೂ ಮುಟ್ಟಾಕಿಲ್ಲ. ನನ್ ಮಗ ಹನಿ ಕುಡಿಯೋನಲ್ಲ. ಅವಳಿಗೆ ಹೆಂಗೆ ತಿಳೀಬೇಕು?"

ಆ ತಿರುವನ್ನು ಐವತ್ತಕ್ಕೆ ಒಂದರ ಅಳತೆಯಲ್ಲಿ, ಮುಚ್ಚಂಜೆಯ ಬೆಳಕಿನ ಸಮೇತ ತೋರಿಸಬೇಕು ಎಂಬುದು ವಕೀಲರ ಯೋಚನೆ. ಸ್ಥಳಕ್ಕೆ ಹೋಗಿ ಅಳೆದೆ, ಮಣ್ಣಿನ ಮಾದರಿ ತಂದೆ. ರಸ್ತೆ, ದಿಬ್ಬ, ಕಟ್ಟೆ ಎಲ್ಲ ಸಿದ್ಧವಾದ ಮೇಲೆ ಇಡೀ ಮಾಡೆಲ್ ಮೇಲೆ ನೇರಳೆ ಬೂದಿಯ ತೆಳು ಪದರ ಊದಿ ಸಂಜೆ ಮಾಡಿದೆ. ಎಷ್ಟು ಪದರ ಊದಿದರೂ ಸುಣ್ಣದ ಕಟ್ಟೆ ಹಲ್ಲು ಕಿರಿದಂತೆ ಎದ್ದು ಕಾಣುತ್ತಿತ್ತು. ಮಗನನ್ನು ಉಳಿಸಲು ಮಾಡಿಸಿದ ಮಾಡೆಲ್ ಅವನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ವಿಚಾರಣೆ ಹತ್ತಿರ ಬಂದಿತ್ತು.

ಬೋರಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. "ಕಟ್ಟೆ ಮ್ಯಾಲೆ ಒಂದಿಷ್ಟು ಕಪ್ಪು ಜಾಸ್ತಿ ಊದಪ್ಪ."

"ಆಗಲ್ಲಮ್ಮ. ಕಂಡಷ್ಟೇ."

"ಕಂಡೋರು ಯಾರು? ನೀನಾ? ಅಲ್ಲಿ ಕಣ್ ಬಿಟ್ಕೊಂಡಿದ್ದೋನು ನನ್ ಮಗ ಒಬ್ನೇ."

ಅವರು ಎದ್ದು ಹೋದರು.

ಬೇರೇನೂ ತೋಚದೆ, ಅಪಘಾತದ ಮರುದಿನ ಪೊಲೀಸರು ತೆಗೆಸಿದ ಕಪ್ಪು ಬಿಳುಪು ಫೋಟೊವನ್ನು ಮತ್ತೆ ಎತ್ತಿಕೊಂಡೆ. ಒಡೆದ ಕಟ್ಟೆಯೂ ಪಕ್ಕದ ನೆಲವೂ ಒಂದೇ ಬೂದಿ ಬಣ್ಣದಲ್ಲಿದ್ದವು. ಧೂಳು ಮೆತ್ತಿದೆ ಎಂದು ಎಲ್ಲರೂ ಬಿಟ್ಟಿದ್ದರು. ಆದರೆ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಸುಣ್ಣ ಅಷ್ಟು ಕಪ್ಪಾಗಿ ಬರುವುದಿಲ್ಲ. ಅಂಥ ಬಿಳಿಗಳನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ.

ವಕೀಲರನ್ನು ಕರೆದುಕೊಂಡು ಮತ್ತೆ ಮೋರಿಗೆ ಹೋದೆ. ಅಪಘಾತದ ಬಳಿಕ ರಿಪೇರಿ ಮಾಡಿದವರು ಹಳೆಯ ಭಾಗಕ್ಕೂ ಹೊಸ ಸುಣ್ಣ ಬಳಿದಿದ್ದರು. ಪೊಲೀಸರು ಮಹಜರು ಬರೆದದ್ದು ಅದಾದ ಮೇಲೆ ಎಂದರು ವಕೀಲರು. ಚಾಕುವಿನ ತುದಿಯಿಂದ ಕೆರೆದೆ. ಬಿಳಿಯ ಕೆಳಗೆ ಕೆಂಪು ಬಂತು, ಅದರ ಕೆಳಗೆ ಮತ್ತೆ ಬಿಳಿ. ಕೆಂಪು ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದೆ.

ಚಳ್ಳಕೆರೆಯಲ್ಲಿ, ಮಾಡೆಲ್‌ನ ನೆಲಕ್ಕೆಂದು ಕಲಸಿ ಮಿಕ್ಕಿದ್ದ ಕೆಂಪನ್ನು ಬಟ್ಟಲಿಗೆ ಸುರಿದೆ. ಚಕ್ಕೆಗೆ ಹೊಂದುವ ಬೇರೆ ಬಣ್ಣ ಕಲಸುವ ಮುನ್ನ, ಹೋಲಿಸಿ ನೋಡಲು ಒಂದು ರಟ್ಟಿನ ಮೇಲೆ ಊದಿ ಚಕ್ಕೆಯನ್ನು ಅದರ ಮೇಲಿಟ್ಟೆ. ಚಕ್ಕೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಬಟ್ಟಲು ತೊಳೆಯುವ ಅಗತ್ಯವೇ ಬೀಳಲಿಲ್ಲ. ತೆಗೆದು ಹಾಕಬಹುದಾದ ಎರಡು ಕಟ್ಟೆ ಮಾಡಿದೆ, ಒಂದು ಬಿಳಿ, ಒಂದು ಕೆಂಪು. ಎರಡರ ಮೇಲೂ ಅದೇ ಸಂಜೆಯನ್ನು ಊದಿದೆ.

ಕೆಂಪು ಬಳಿದವರು ಯಾರು ಎಂದು ತಿಳಿಯದಿದ್ದರೆ ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ ಎಂದರು ವಕೀಲರು. ಊರಿನವರ ಹೆಸರು ಗೊತ್ತಿರಬಹುದೆಂದು ಬೋರಮ್ಮನನ್ನೇ ಕರೆಸಿದೆವು. ಟೆಂಪೊ ಡ್ರೈವರ್‌ನ ಕಣ್ಣಿನ ಮಟ್ಟ ಎಷ್ಟು ಎಂದು ತೋರಿಸಿ, ಬಗ್ಗಿ ನೋಡಲು ಹೇಳಿದೆ. ಅವರು ಒಂದು ಕಣ್ಣು ಮುಚ್ಚಿ ನೋಡಿದರು.

"ಕಟ್ಟೆ ಎಲ್ಲೈತೆ?"

"ಅಲ್ಲೇ ಐತಮ್ಮ. ಯಾರೋ ಕೆಮ್ಮಣ್ಣು ಬಳಿದಿದ್ರು."

ಬೋರಮ್ಮ ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

"ನಾನೇ," ಎಂದರು. "ಮೋರಿ ಪಕ್ಕ ನಮ್ ದೇವ್ರ ಕಲ್ಲೈತೆ. ಅವತ್ತಿಗೆ ಗಾಡಿ ತಂದು ವರ್ಷ ತುಂಬಿತ್ತು. ಅವ್ನು ಬೆಳಿಗ್ಗೆ ಗಾಡಿ ಎತ್ತಿದ ಮ್ಯಾಲೆ ಹೋಗಿ ಕಲ್ಲಿಗೆ ಬಳ್ದೆ. ಕೆಮ್ಮಣ್ಣು ಮಿಕ್ಕಿತ್ತು. ಮಗ ದಿನಾ ಇದನ್ನೇ ದಾಟ್ತಾನಲ್ಲ, ಕಾಯ್ಲಿ ಅಂತ ಕಟ್ಟೆಗೂ ಬಳ್ದೆ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ವಕೀಲರು ಕೇಳಿದರು.

"ದೇವ್ರಿಗೆ ಮಾಡಿದ್ದು ಕೇಡಿಗೆ ಬರ್ತೈತೆ ಅಂತ ಯಾರಿಗೆ ಹೊಳೀತೈತೆ ಸಾರ್?"

ಆಮೇಲೆ ಬೋರಮ್ಮನೇ ಕೇಳಿದರು: "ಕೋರ್ಟಿಗೆ ಮಗಳು ಬರ್ತಾಳಾ?"

"ಬರ್ತಾಳೆ. ಬ್ಯಾಡ ಅಂದ್ರೆ ಬಿಡವ್ವ, ಬೇರೆ ದಾರಿ ನೋಡಾನ," ಎಂದರು ವಕೀಲರು.

"ಬೇರೆ ದಾರಿ ಇದ್ದಿದ್ರೆ ಈ ಆಟದ ಸಾಮಾನು ಮಾಡಿಸ್ತಿದ್ರಾ?" ಎಂದು ಎದ್ದರು.

ಕೋರ್ಟಿನಲ್ಲಿ ಬೋರಮ್ಮ ಯಾವುದನ್ನೂ ಮುಚ್ಚಿಡದೆ ಹೇಳಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಬಗ್ಗಿ, ಮೊದಲು ಬಿಳಿ ಕಟ್ಟೆಯನ್ನೂ ಆಮೇಲೆ ಕೆಂಪು ಕಟ್ಟೆಯನ್ನೂ ನೋಡಿದರು. ಹಿಂದಿನ ಬೆಂಚಿನಲ್ಲಿದ್ದ ಪಾಲಮ್ಮ ಮಾಡೆಲ್ ಕಡೆ ತಿರುಗಲಿಲ್ಲ. ಸಾಕ್ಷಿ ಮುಗಿಯುವವರೆಗೂ ಅವ್ವನ ಕೈಗಳನ್ನೇ ನೋಡುತ್ತಿದ್ದಳು.

ಓಬಳೇಶ ಬಿಡುಗಡೆಯಾದ. ಪಾಲಮ್ಮ ಅಣ್ಣನ ಮನೆಗೆ ಹೋಗಿಬರಲು ಶುರು ಮಾಡಿದಳು. ಅವ್ವ ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಾಳೆ ಎಂದು ಮುಂದೊಮ್ಮೆ ವಕೀಲರಿಂದ ಕೇಳಿದೆ. ಬೋರಮ್ಮ ಆಮೇಲೆ ನನ್ನನ್ನು ಕಾಣಲು ಬರಲಿಲ್ಲ.

ಕಪ್ಪು ಊದು ಎಂದು ಅವರು ಕೇಳಿದ ದಿನ ಊದಿದ್ದರೆ, ಬಹುಶಃ ಯಾರೂ ಗುರುತಿಸುತ್ತಿರಲಿಲ್ಲ. ಅದು ಸುಳ್ಳೇ ಆಗಿರುತ್ತಿತ್ತು. ಆದರೆ ಆ ತಾಯಿ ಮಗಳೊಂದಿಗೆ ಕೂತು ಉಣ್ಣುತ್ತಿದ್ದರೇನೋ. ಕಂಡಷ್ಟೇ ಬಣ್ಣ ಹಾಕಬೇಕು ಎಂಬುದನ್ನು ಪತ್ರಿಕೆ ನನಗೆ ಕಲಿಸಿತ್ತು. ಕಂಡದ್ದರ ಭಾರ ಹೊರುವವರು ಬೇರೆಯವರು ಎಂಬುದನ್ನು ಈ ಮೋರಿ ಕಲಿಸಿತು. ಆಮೇಲೂ ನಾನು ಕಂಡಷ್ಟೇ ಹಾಕಿದ್ದೇನೆ. ಆದರೆ "ಆಗಲ್ಲಮ್ಮ" ಎಂದು ಅಷ್ಟು ಸಲೀಸಾಗಿ ಮತ್ತೆ ಯಾರಿಗೂ ಹೇಳಿಲ್ಲ.