ಹೊಡೆಯದೆ ಉಳಿದ ತೋಟೆ

ನಮ್ಮ ಮನೆಯಲ್ಲಿ ವರ್ಷಕ್ಕೆ ಹತ್ತೇ ತೋಟೆ. ಬೆಳೆ ಕಾಯಲೆಂದು ಅಪ್ಪನಿಗೆ ಕೊಟ್ಟಿದ್ದ ಕೋವಿಗೆ ಸರ್ಕಾರ ಅಷ್ಟನ್ನೇ ಮಂಜೂರು ಮಾಡಿತ್ತು. ಅವನ್ನು ಅಪ್ಪ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ನಾನು ಕೋವಿ ಹಿಡಿದು ಹೊರಟಾಗ ಒಂದನ್ನೋ ಎರಡನ್ನೋ ಕೈಗೆ ಕೊಡುತ್ತಿದ್ದರು. ಅವರ ನಿಯಮ ಇಷ್ಟೇ: ಕೂತದ್ದಕ್ಕೆ ಮಾತ್ರ ಹೊಡೆಯಬೇಕು, ಹಾರುವುದರ ಸುದ್ದಿಗೆ ಹೋಗಬಾರದು, ಖಾತ್ರಿಯಿಲ್ಲದಿದ್ದರೆ ಬೆರಳಿಂದ ಕೋವಿಯ ಕುದುರೆ ಎಳೆಯಲೇಬಾರದು. ಬರಿಗೈಯಲ್ಲಿ ಬಂದರೂ ತೋಟೆ ವಾಪಸು ಕೊಟ್ಟರೆ ಅಪ್ಪನ ಮುಖ ಅರಳುತ್ತಿತ್ತು. ಗುರಿ ತಪ್ಪಿ ಹೊಡೆದ ತೋಟೆಯ ಖಾಲಿ ಸಿಪ್ಪೆ ತಂದರೆ ಎರಡು ದಿನ ಮಾತಿಲ್ಲ. ಆ ಶಿಸ್ತೇ ಮುಂದೆ ನನ್ನ ಅನ್ನಕ್ಕೆ ಕಲ್ಲು ಹಾಕುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಗಲ್ಫಿಗೆ ಬಂದು, ಉಮ್ಮ್ ಸಲಾಲ್ ಎಂಬ ಊರು ದಾಟಿದ ಮೇಲೆ ಸಿಗುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ನಾನು ಗುಂಡಿ ಒತ್ತಿದೆ. ಕೆಲಸ ಅಷ್ಟೇ. ಕೋವಿ ಹಿಡಿದವನು "ಪುಲ್" ಎಂದ ಕೂಡಲೇ ಒತ್ತಬೇಕು. ಯಂತ್ರದಿಂದ ಕಿತ್ತಳೆ ಬಣ್ಣದ ತಟ್ಟೆಯೊಂದು ಹಾರುತ್ತದೆ, ಅವನು ಅದನ್ನು ಒಡೆಯಬೇಕು. ಚಳಿಗಾಲದಲ್ಲಿ ಹೊರದೇಶಕ್ಕೆ ಗೌಜಲಹಕ್ಕಿ ಬೇಟೆಗೆ ಹೋಗುವ ಸದಸ್ಯರು ಅದಕ್ಕೂ ಮುಂಚೆ ಇಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದರು. ಯಾರ ಗುರಿ ತಪ್ಪುತ್ತದೆಂದು ಸದ್ದಾಗುವ ಮೊದಲೇ ಹೇಳುವಷ್ಟು ನನಗೆ ರೂಢಿಯಾಗಿತ್ತು. ಕುದುರೆ ಎಳೆಯುವ ಹೊತ್ತಿಗೆ ಅವರ ಕೋವಿ ನಿಂತುಬಿಡುತ್ತಿತ್ತು. ಹಾರುವುದು ನಿಲ್ಲುವುದಿಲ್ಲವಲ್ಲ, ಚರೆಗಳು ಅದರ ಹಿಂದೆಯೇ ಹೋಗುತ್ತಿದ್ದವು. ಹಕ್ಕಿಗಿಂತ ಮುಂದೆ ಬೀಸಬೇಕು, ಹೊಡೆದ ಮೇಲೂ ಬೀಸುತ್ತಲೇ ಇರಬೇಕು. ನನ್ನ ಡಬ್ಬಿಯಂಥ ಕೋಣೆಯಲ್ಲಿ ಕೂತು ಮನಸ್ಸಿನಲ್ಲೇ ಎಲ್ಲರಿಗೂ ಪಾಠ ಹೇಳಿ ನಗುತ್ತಿದ್ದೆ.

ಈ ಸಲ ಬೇಸಿಗೆ ಮುಗಿಯುತ್ತಿದ್ದಂತೆ ಹೊಸ ಯಂತ್ರ ಬಂತು. ಕೂಗಿದ ದನಿ ಕೇಳಿ ತಾನೇ ತಟ್ಟೆ ಎಸೆಯುತ್ತದಂತೆ. ಕ್ಲಬ್ಬಿನ ಮುದೀರ್, ಅಂದರೆ ಮ್ಯಾನೇಜರು, ನನ್ನನ್ನು ಕರೆದು ಹೇಳಿದ್ದು ಇಷ್ಟು: ಗುಂಡಿ ಒತ್ತುವ ಕೆಲಸ ಖಲಾಸ್. ಸಹಾಯಕ ತರಬೇತುದಾರನ ಜಾಗವೊಂದಿದೆ. ಇಪ್ಪತ್ತೈದು ತಟ್ಟೆಗಳಲ್ಲಿ ಇಪ್ಪತ್ತು ಒಡೆದರೆ ನಿನಗೆ. ಇಲ್ಲವಾದರೆ ವೀಸಾ ಮಾಫಿ, ಅಂದರೆ ವೀಸಾ ಇಲ್ಲ.

ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು. ನನ್ನ ವೀಸಾ ಹೋದರೆ ಅವಳದ್ದೂ, ಹೆಂಡತಿಯದ್ದೂ ಹೋಗುತ್ತದೆ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಹುಡುಗಿಯನ್ನು ಎಬ್ಬಿಸಿಕೊಂಡು ಊರಿಗೆ ಹೋಗುವುದೆಂದರೇನು? ಅವತ್ತೇ ಕಲಿಸಿಕೊಡುವವರನ್ನು ಹುಡುಕಿ ಹೊರಟೆ.

ನನಗೆ ಕಲಿಸಲು ಒಪ್ಪಿದವರು ಕ್ಲಬ್ಬಿನ ಹಿರಿಯ ತರಬೇತುದಾರರು. ನಮ್ಮದೇ ಕರಾವಳಿಯ ಬ್ಯಾರಿ, ಮೂವತ್ತು ವರ್ಷದಿಂದ ಇಲ್ಲಿದ್ದವರು. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಮೊದಲ ದಿನ ಹತ್ತಕ್ಕೆ ಮೂರು ಒಡೆದೆ. ಕಾಕ ತಲೆ ಕೆರೆದುಕೊಂಡರು.

"ನೀನು ಎಂತ ಮಾರಾಯ, ತಟ್ಟೆಯ ಜಾತಕ ನೋಡ್ತಿಯಾ? ಕೋವಿ ನಿಲ್ತಾ ಉಂಟು ನಿಂದು."

"ಖಾತ್ರಿ ಆಗ್ಬೇಕಲ್ಲ ಕಾಕ?"

"ಖಾತ್ರಿ ಆಗುವಷ್ಟರಲ್ಲಿ ಅದು ಸೌದಿಗೆ ಮುಟ್ಟಿರ್ತದೆ! ಗೌಜಲ ಹಾರುದು ನೀನು ನೋಡ್ಲಿಲ್ಲ. ಅದ್ರ ಎದುರು ಈ ತಟ್ಟೆ ಎತ್ತಿನ ಗಾಡಿ."

ಮನೆಯಲ್ಲೂ ಅಭ್ಯಾಸ ಮಾಡು ಎಂದರು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ನಮ್ಮ ಒಂದು ಕೋಣೆಯ ಫ್ಲಾಟಿನಲ್ಲಿ ದಿನಾ ಸಂಜೆ ನೆಲ ಒರೆಸುವ ಕೋಲನ್ನು ಹೆಗಲಿಗೆ ಒತ್ತಿ, ಕೆನ್ನೆ ಅದಕ್ಕಂಟಿಸಿ, ಗೋಡೆಯೂ ಸೀಲಿಂಗೂ ಸೇರುವ ಗೆರೆಯ ಉದ್ದಕ್ಕೆ ನಿಲ್ಲಿಸದೆ ಬೀಸುತ್ತಿದ್ದೆ. ಐವತ್ತು ದಾಟಿದವನ ಕೋಡಂಗಿ ಕುಣಿತ. ಹೆಂಡತಿ ಮೊದಲ ದಿನ ನಕ್ಕಳು, ಆಮೇಲೆ ನಗಲಿಲ್ಲ. ಮಗಳು ಪುಸ್ತಕದಿಂದ ತಲೆ ಎತ್ತದೆಯೇ "ಪುಲ್" ಎನ್ನುತ್ತಿದ್ದಳು. ಆ ದನಿಗೆ ನನ್ನ ತೋಳು ತಾನಾಗಿ ಎದ್ದುಬಿಡುತ್ತಿತ್ತು. ಮೂರು ವಾರದಲ್ಲಿ ಇಪ್ಪತ್ತೈದಕ್ಕೆ ಹದಿನೆಂಟು, ಹತ್ತೊಂಬತ್ತು ಬಂತು. ಒಂದು ದಿನ ಇಪ್ಪತ್ತೊಂದೂ ಆಯಿತು. ಆವತ್ತು ಬರುವಾಗ ಕಾಲು ಕಿಲೋ ಜಿಲೇಬಿ ತಂದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ಗಾಳಿಯಿತ್ತು. ಮುದೀರ್ ಕಾಗದ ಹಿಡಿದು ನೆರಳಿನಲ್ಲಿ ಕೂತರು. ಕಾಕ ನನ್ನ ಬೆನ್ನ ಹಿಂದೆ ನಿಂತರು. ಹಳೆಯ ಗುಂಡಿಯ ಕೋಣೆ ಖಾಲಿಯಿತ್ತು. ನನ್ನ ಕೂಗಿಗೆ ಯಂತ್ರವೇ ತಟ್ಟೆ ಎಸೆಯುತ್ತಿತ್ತು. ಹೊಡೆಯುತ್ತ ಹೋದೆ. ಐದು ತಪ್ಪಿದವು, ಹದಿನೆಂಟು ಒಡೆದವು. ಉಳಿದದ್ದು ಕೊನೆಯ ಜೋಡಿ: ಒಂದು ಕೂಗಿಗೆ ಎರಡು ತಟ್ಟೆ, ಎರಡು ನಳಿಗೆಯಲ್ಲಿ ಎರಡು ತೋಟೆ. ಎರಡೂ ಒಡೆಯಬೇಕು.

"ಯಲ್ಲಾ," ಎಂದರು ಮುದೀರ್, ಹೂಂ ಹೊಡಿ ಎಂಬಂತೆ.

"ಪುಲ್" ಎಂದೆ. ಮೊದಲನೆಯದು ಪುಡಿಯಾಯಿತು. ಹತ್ತೊಂಬತ್ತು. ಎರಡನೆಯದಕ್ಕೆ ಕೋವಿ ಬೀಸಿದೆ. ಗಾಳಿಗೆ ತಟ್ಟೆ ಸ್ವಲ್ಪ ಮೇಲೆದ್ದಿತು. ಬೆರಳು ಕುದುರೆಯ ಮೇಲಿತ್ತು. ಇದು ಸಿಗುತ್ತದೋ ಇಲ್ಲವೋ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟೇ. ಬೆರಳು ಸಡಿಲವಾಯಿತು. ತಟ್ಟೆ ಹೋಗಿ ಮರಳಿನ ಮೇಲೆ ಬಿತ್ತು, ಒಡೆಯಲೂ ಇಲ್ಲ.

ನಾನು ಕೋವಿ ಇಳಿಸಿ ನಳಿಗೆ ಬಗ್ಗಿಸಿ ತೆರೆದೆ. ಒಂದು ಸಿಪ್ಪೆ ಹೊರಗೆ ಚಿಮ್ಮಿತು. ಇನ್ನೊಂದು ನಳಿಗೆಯಲ್ಲಿ ಇಡೀ ತೋಟೆ ಹಾಗೇ ಕೂತಿತ್ತು. ಹೇಳಲು ಹೇಸಿಗೆಯಾಗುತ್ತದೆ, ಅದನ್ನು ಕಂಡಾಗ ನನಗೆ ಮೊದಲು ಆದದ್ದು ಸಮಾಧಾನ. ಒಂದು ತೋಟೆ ಉಳಿಯಿತಲ್ಲ ಎಂದು. ಸುತ್ತಲೂ ತೋಟೆಯ ಪೆಟ್ಟಿಗೆಗಳು ಅಟ್ಟಿಯಾಗಿ ಬಿದ್ದಿದ್ದವು.

"ಹೊಡಿಯುದಲ್ವಾ ಮಾರಾಯ," ಕಾಕನ ದನಿ ಒಡೆದಿತ್ತು. "ಹೋದ್ರೆ ಹೋಗ್ಲಿ ಅಂತ ಹೊಡಿಯುದಲ್ವಾ."

ಮುದೀರ್ ಕಾಗದದ ಮೇಲೆ ಕೊನೆಯ ತಟ್ಟೆಗೆ ಸೊನ್ನೆ ಹಾಕಿದರು. ಮತ್ತೊಂದು ಅವಕಾಶ ಕೇಳಲು ಕಾಕ ಅರಬಿಯಲ್ಲಿ ಏನೇನೋ ಹೇಳಿದರು. ಮುದೀರ್ ಒಪ್ಪಲಿಲ್ಲ. ಕೆಟ್ಟವರಲ್ಲ, ನನ್ನ ಕೈ ಕುಲುಕಿಯೇ ಹೋದರು. ತೋಟೆಯನ್ನು ನಾನು ಪೆಟ್ಟಿಗೆಗೆ ವಾಪಸು ಹಾಕಿದೆ. ಈ ಸಲ ಮುಖ ಅರಳಿಸಲು ಅಲ್ಲಿ ಯಾರೂ ಇರಲಿಲ್ಲ.

ಬಾಗಿಲು ತೆರೆದವಳು ಮಗಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿರಬೇಕು, ಆದರೂ ಕೇಳಿದಳು.

"ಎಷ್ಟು ಪಪ್ಪಾ?"

"ಹತ್ತೊಂಬತ್ತು."

"ಒಂದೇ ಕಮ್ಮಿಯಾ? ಲಾಸ್ಟ್ ಒಂದು ಸೈಡಿಗೆ ಹೋಯ್ತಾ?"

"ಇಲ್ಲ ಮಗಾ," ಎಂದೆ. "ಹೊಡಿಲೇ ಇಲ್ಲ."